ಹೊಸ ಊರಿನ ಮೊದಲ ದೀಪ

ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭಾ ನದಿಯು ಸುಮಾರು 300 ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಈ ದಾರಿಯಲ್ಲಿ ಅದು ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯ ಬಳಿ ಗಂಗಾಂಬಿಕೆಯ ಐಕ್ಯಮಂಟಪವನ್ನು ಬಳಸಿ, ಬೈಲಹೊಂಗಲದ ಎರೆಹೊಲಗಳ ನಡುವೆ ನಿಧಾನವಾಗಿ ಸಾಗಿ, ಸವದತ್ತಿಯ ಸಮೀಪ ನವಿಲುತೀರ್ಥದ ಕಲ್ಲುಬೆಟ್ಟವನ್ನು ಸೀಳಿಕೊಂಡು ಮುನವಳ್ಳಿಯ ಕಡೆಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ತೊರಗಲ್ಲಿನ ಕೋಟೆ, ರಾಮದುರ್ಗದ ಪಟ್ಟಣ, ಬಾದಾಮಿಯ ಸೀಮೆ. ಮಲೆನಾಡಿನ ಮಳೆಯನ್ನು ಬಯಲುನಾಡಿಗೆ ತಂದುಕೊಡುವ ಈ ನದಿಯ ದಂಡೆಯಲ್ಲಿ ಜನರು ಎಂದಿನಿಂದ ನೆಲೆಸಿದ್ದಾರೆಂಬುದನ್ನು ಎಣಿಸುವುದು ಕಷ್ಟ. ಪಟ್ಟದಕಲ್ಲು, ಐಹೊಳೆಗಳೂ ಇದೇ ನದಿಯ ದಂಡೆಯಲ್ಲಿವೆ ಎಂದರೆ ಸಾಕು.

ದಂಡೆಯ ಹಳ್ಳಿಗಳಲ್ಲಿ ಮನೆಯೆಂದರೆ ಮೇಲ್ಮುದ್ದೆಯ ಮನೆ. ಕಲ್ಲು ಮತ್ತು ಕೆಸರಿನಿಂದ ಎತ್ತಿದ, ಮೊಳಕ್ಕಿಂತ ಹೆಚ್ಚು ದಪ್ಪನಾದ ಗೋಡೆಗಳು. ಅವುಗಳ ಮೇಲೆ ತೊಲೆ. ತೊಲೆಯ ಮೇಲೆ ಜಂತಿ. ಜಂತಿಗಳ ಮೇಲೆ ಹಲಗೆ ಇಲ್ಲವೆ ಸೀಳಿದ ಕಟ್ಟಿಗೆ. ಅದರ ಮೇಲೆ ಸೊಪ್ಪು ಹರಡಿ, ಮಣ್ಣು ತುಂಬಿ, ಎಲ್ಲಕ್ಕೂ ಮೇಲೆ ಸವಳುಮಣ್ಣನ್ನು ಬಡಿದು ಹದಗೊಳಿಸಿದ ಮಾಳಿಗೆ. ಮುಂಗಾರಿಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವುದು ಬಿತ್ತನೆಯಷ್ಟೇ ತಪ್ಪದ ಕೆಲಸವಾಗಿತ್ತು. ಮನೆಯ ಅಳತೆಯನ್ನು ಅಡಿಗಳಲ್ಲಿ ಹೇಳುತ್ತಿರಲಿಲ್ಲ. ಎರಡು ತೊಲೆಗಳ ನಡುವಿನ ಜಾಗವೇ ಅಂಕಣ; ಮೂರಂಕಣದ ಮನೆ, ಐದಂಕಣದ ಮನೆ ಎಂದರೆ ಕೇಳಿದವರಿಗೆ ಆ ಮನೆತನದ ಸ್ಥಿತಿಗತಿಯೂ ತಿಳಿಯುತ್ತಿತ್ತು.

ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಅಂಕಣ. ಎತ್ತುಗಳು ಗೋದಲಿಯ ಮುಂದೆ ಮೆಲುಕು ಹಾಕುತ್ತ ನಿಂತಿರುತ್ತಿದ್ದವು. ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ಅದರ ಹಿಂದೆ ಅಡುಗೆಯ ಮನೆ, ದೇವರ ಜಗುಲಿ, ಬಚ್ಚಲು. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಒಳಗೆ ಬಿದ್ದು, ದಿನವೆಲ್ಲ ನೆಲದ ಮೇಲೆ ಸರಿಯುತ್ತಿತ್ತು. ಗಡಿಯಾರವಿಲ್ಲದ ಮನೆಯಲ್ಲಿ ಅದೇ ಗಡಿಯಾರ. ಜೋಳವನ್ನು ತುಂಬಿಡಲು ನೆಲದೊಳಗೆ ಹಗೇವು. ಗೋಡೆಯಲ್ಲಿ ದೀಪವಿಡಲು ಮಾಡ. ಮುಂಬಾಗಿಲಿನ ಎರಡೂ ಕಡೆ ಕಟ್ಟೆ. ಸಂಜೆಯ ಹೊತ್ತಿಗೆ ಓಣಿಯ ಜನ ಅಲ್ಲಿಯೇ ಸೇರುತ್ತಿದ್ದರು. ದನಗಳೊಡನೆ ಒಂದೇ ಸೂರಿನಡಿ ವಾಸಿಸುವುದನ್ನು ಹೊರಗಿನವರು ಅನಾರೋಗ್ಯಕರವೆಂದು ಆಕ್ಷೇಪಿಸಿದ್ದುಂಟು. ಆ ಆಕ್ಷೇಪಣೆಯಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಒಕ್ಕಲಿಗನ ಬದುಕಿನ ಬಂಡವಾಳವೆಲ್ಲ ಆ ಎರಡು ಎತ್ತುಗಳೇ ಆಗಿದ್ದಾಗ, ಅವು ಕಣ್ಣಳತೆಯಲ್ಲಿರಬೇಕೆಂದು ಅವನು ಬಯಸಿದುದು ಸಹಜ.

ಇಂಥ ಮನೆಯನ್ನು ಬಿಟ್ಟು ಮತ್ತೊಂದು ಮನೆಗೆ ಹೋಗುವ ಪ್ರಸಂಗ ಈ ನಾಡಿಗೆ ಹೊಸದೇನಲ್ಲ. ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯಿಂದ ಆಳುತ್ತಿದ್ದ ರಟ್ಟರು 13ನೆಯ ಶತಮಾನದ ಆರಂಭದಲ್ಲಿ ತಮ್ಮ ರಾಜಧಾನಿಯನ್ನೇ ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಸಾಗಿಸಿದರು. 1824ರ ಡಿಸೆಂಬರಿನಲ್ಲಿ ಕಿತ್ತೂರಿನ ಕೋಟೆ ಇಂಗ್ಲಿಷರ ವಶವಾದ ಮೇಲೆ ರಾಣಿ ಚೆನ್ನಮ್ಮ ಅರಮನೆಯನ್ನು ತೊರೆಯಬೇಕಾಯಿತು. ಬೈಲಹೊಂಗಲದ ಕೋಟೆಯ ಸೆರೆವಾಸವೇ ಆಕೆಯ ಕೊನೆಯ ಮನೆಯಾಯಿತು. 1829ರ ಫೆಬ್ರವರಿ 2ರಂದು ಆಕೆ ಅಲ್ಲಿಯೇ ಕಾಲವಾದಳು. ಅರಸರ ಕಥೆ ಹೀಗಾದರೆ ಸಾಮಾನ್ಯರು ಬರಕ್ಕೆ, ಕಾಳಗಕ್ಕೆ, ರೋಗಕ್ಕೆ ಅಂಜಿ ಊರು ಬಿಟ್ಟದ್ದುಂಟು. 19ನೆಯ ಶತಮಾನದ ಕೊನೆಯಲ್ಲಿ ಈ ಸೀಮೆಗೆ ಪ್ಲೇಗು ಬಂದಾಗ ಜನರು ಮನೆಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು.

ಹಾಗೆ ಬಿಟ್ಟುಹೋದವರು ಮರಳದಿದ್ದರೆ ಆ ಊರು ಹಾಳೂರಾಗುತ್ತಿತ್ತು. ಕಂದಾಯದ ಹಳೆಯ ದಫ್ತರಗಳಲ್ಲಿ ಇಂಥ ಊರುಗಳಿಗೆ ‘ಬೇಚರಾಕ’ ಗ್ರಾಮ ಎಂದು ಹೆಸರು. ಇದು ಪಾರಸಿಯಿಂದ ಬಂದ ಮಾತು. ‘ಚಿರಾಗ’ ಎಂದರೆ ದೀಪ, ‘ಬೇಚರಾಕ’ ಎಂದರೆ ದೀಪವಿಲ್ಲದ್ದು. ಹೊಲಗಳಿರಬಹುದು, ಗಡಿಗಳಿರಬಹುದು, ಹನುಮಪ್ಪನ ಗುಡಿಯೂ ಇರಬಹುದು. ಸಂಜೆಗೆ ದೀಪ ಹಚ್ಚುವವರು ಇಲ್ಲವಾದರೆ ಅದು ಊರಲ್ಲ. ಲೆಕ್ಕಪತ್ರದ ಒಣಭಾಷೆಯಲ್ಲಿ ಇಷ್ಟು ಅರ್ಥವತ್ತಾದ ಪದ ಅಪರೂಪ.

ಮಲಪ್ರಭೆಯ ದಂಡೆಯಲ್ಲಿ ಬಹುಸಂಖ್ಯೆಯ ದೀಪಗಳು ಒಮ್ಮೆಲೇ ಸ್ಥಳ ಬದಲಿಸಿದ್ದು 1970ರ ದಶಕದ ಆರಂಭದಲ್ಲಿ. ನವಿಲುತೀರ್ಥದಲ್ಲಿ ನದಿಯು ಬೆಟ್ಟವನ್ನು ಕೊರೆದು ಹೊರಬರುವ ಇಕ್ಕಟ್ಟಿನ ಕಣಿವೆಯಿದೆ. ಅಲ್ಲಿ ಸುಮಾರು 154 ಮೀಟರು ಉದ್ದದ ಅಣೆಕಟ್ಟನ್ನು ಕಟ್ಟಿದರೆ ಸಾಕಾಯಿತು. ನಾಡಿನ ಇತರ ದೊಡ್ಡ ಅಣೆಕಟ್ಟುಗಳಿಗೆ ಹೋಲಿಸಿದರೆ ಈ ಉದ್ದ ಬಹಳ ಕಡಿಮೆ. ಆದರೆ ಕಣಿವೆಯ ಹಿಂದಿನ ನೆಲ ಅಗಲವಾದ ಬಯಲು. ಆದುದರಿಂದ ಗಿಡ್ಡ ಗೋಡೆಯ ಹಿಂದೆ ನೀರು ಮೈಲುಗಟ್ಟಲೆ ಹರಡಿತು. 37.73 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯಕ್ಕೆ ಸವದತ್ತಿಯ ಗುಡ್ಡದ ದೇವತೆಯ ಹೆಸರಿನಿಂದ ರೇಣುಕಾಸಾಗರವೆಂದು ಕರೆದರು. ಅದರ ನೀರು ಕಾಲುವೆಗಳ ಮೂಲಕ ನರಗುಂದ, ನವಲಗುಂದ, ರೋಣಗಳ ಬಾಯಾರಿದ ಎರೆಭೂಮಿಗೆ ತಲುಪಿತು. ಮುಂದೆ ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಗೂ ಬಂದಿತು. ಆ ನಲ್ಲಿಯನ್ನು ತಿರುಗಿಸುವವರಿಗೆ, ಅದೇ ನೀರಿನ ತಳದಲ್ಲಿ ಬೇರೆಯವರ ಅಡುಗೆಮನೆಗಳಿವೆಯೆಂಬ ನೆನಪು ಇರಲಾರದು. ಅದು ಅವರ ತಪ್ಪೂ ಅಲ್ಲ.

ಮುಳುಗಡೆಯೆಂದರೆ ಪ್ರವಾಹದಂತೆ ಒಂದೇ ರಾತ್ರಿಯಲ್ಲಿ ಬರುವುದಲ್ಲ. ಮೊದಲು ಅಳತೆಯವರು ಬರುತ್ತಾರೆ. ಆಮೇಲೆ ನೋಟೀಸು ಬರುತ್ತದೆ. ಅನಂತರ ಮನೆಗೆ, ಬಾವಿಗೆ, ಮರಗಳಿಗೆ ಬೆಲೆ ಕಟ್ಟುವ ಪಂಚನಾಮೆ. ಬಿಡಬೇಕೆಂದು ಗೊತ್ತಿದ್ದ ಮನೆಯಲ್ಲಿ ವರ್ಷಗಟ್ಟಲೆ ಬದುಕಬೇಕು. ಮಾಳಿಗೆಗೆ ಈ ಸಲ ಮಣ್ಣು ಹಾಕಬೇಕೆ, ಬೇಡವೆ? ಮಗನ ಮದುವೆಯನ್ನು ಇಲ್ಲಿಯೇ ಮಾಡುವುದೆ, ಅಲ್ಲಿಗೆ ಹೋದ ಮೇಲೆ ಮಾಡುವುದೆ? ಇಂಥ ಸಣ್ಣ ಸಂಗತಿಗಳೇ ಆ ಕಾಲದ ದೊಡ್ಡ ಚಿಂತೆಗಳು. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಅದು ಆಸ್ತಿಗೆ ಬೆಲೆ ಕೊಡುತ್ತಿತ್ತು; ಊರಿಗೆ ಬದಲು ಊರನ್ನು ಕೊಡಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಹೊಲವುಳ್ಳವನಿಗೆ ಹಣ ಬಂದಿತು. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೆ ಕಳೆದುಕೊಳ್ಳಲು ಕಾಗದದ ಮೇಲೆ ಏನೂ ಇರಲಿಲ್ಲವಾದ್ದರಿಂದ ಪಡೆಯಲೂ ಹೆಚ್ಚೇನಿರಲಿಲ್ಲ.

ಊರು ಬಿಡುವಾಗ ಬಂಡಿಗಳ ಮೇಲೆ ಏನೇನು ಹೋಯಿತೆಂಬುದನ್ನು ಗಮನಿಸಿದರೆ ಮನೆಯೆಂಬುದು ಜನರ ದೃಷ್ಟಿಯಲ್ಲಿ ಏನೆಂಬುದು ತಿಳಿಯುತ್ತದೆ. ಕಾಳು, ಪಾತ್ರೆ, ಹಾಸಿಗೆ ಸರಿಯೇ. ಅವುಗಳೊಡನೆ ತೊಲೆಗಳನ್ನೂ, ಕಂಬಗಳನ್ನೂ, ಬಾಗಿಲುಗಳನ್ನೂ ಬಿಚ್ಚಿ ಒಯ್ಯುವುದು ಕೃಷ್ಣೆಯ ಮತ್ತು ಮಲಪ್ರಭೆಯ ಕಣಿವೆಗಳ ಮುಳುಗಡೆಯ ಊರುಗಳಲ್ಲಿ ವಾಡಿಕೆಯ ನೋಟವಾಗಿತ್ತು. ಇದಕ್ಕೆ ಮಿತವ್ಯಯವೊಂದೇ ಕಾರಣವಲ್ಲ. ಉತ್ತರ ಕರ್ನಾಟಕದಲ್ಲಿ ಮನೆ ಕಟ್ಟುವಾಗ ತಲೆಬಾಗಿಲಿನ ಚೌಕಟ್ಟನ್ನು ನಿಲ್ಲಿಸುವುದು ಒಂದು ಹಬ್ಬ. ಬೀಗರು ಬರುತ್ತಾರೆ, ಪೂಜೆಯಾಗುತ್ತದೆ, ಹೋಳಿಗೆಯ ಊಟವಾಗುತ್ತದೆ. ಅಜ್ಜ ನಿಲ್ಲಿಸಿದ ಬಾಗಿಲನ್ನು ಹೊಸ ಗೋಡೆಗೆ ಹೂಡಿದಾಗ, ಗೋಡೆ ಹೊಸದಾದರೂ ಮನೆ ಹಳೆಯದೇ ಎಂಬ ಸಮಾಧಾನ ಸಿಗುತ್ತಿತ್ತು. ಗುಡಿಯ ದೇವರುಗಳೂ ಬಂಡಿಯೇರಿದವು. ಒಯ್ಯಲಾಗದೆ ಉಳಿದುದು ಹಗೇವು, ಬಾವಿ, ಹಿರಿಯರ ಸಮಾಧಿಗಳು ಮತ್ತು ಬೇವಿನ ಮರಗಳ ನೆರಳು.

ಇದೇ ಬಗೆಯ ಸ್ಥಳಾಂತರವು ಮುಂದೆ ಆಲಮಟ್ಟಿಯ ಜಲಾಶಯದಿಂದಾಗಿ ಬಾಗಲಕೋಟೆಗೆ ಬಂದಾಗ, ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆಯಂತೆ ನವನಗರವು ರೂಪುಗೊಂಡಿತು. ಅಲ್ಲಿ ಅಗಲವಾದ ರಸ್ತೆಗಳು ಬಂದವು. ಓಣಿಯ ಹೆಸರಿನ ಬದಲು ಸೆಕ್ಟರಿನ ಸಂಖ್ಯೆ ವಿಳಾಸವಾಯಿತು.

ರೇಣುಕಾಸಾಗರದ ಹಿಂದಿನವರು ನೀರಿಗೆ ದಾರಿ ಬಿಟ್ಟು ಹೋದರೆ, ಅಣೆಕಟ್ಟಿನ ಮುಂದಿನ ಊರುಗಳಿಗೆ ನೀರೇ ಬೆನ್ನಟ್ಟಿ ಬಂದಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ, ಬರಗಾಲಕ್ಕೇ ಹೆಸರಾದ ಉತ್ತರದ ಜಿಲ್ಲೆಗಳ ಮೇಲೆ ಕೆಲವೇ ದಿನಗಳಲ್ಲಿ ಅಸಾಧಾರಣ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮಣ್ಣಿನ ಮನೆಗಳು ಅಸಂಖ್ಯವಾಗಿ ನೆಲಸಮವಾದವು. ಮೇಲ್ಮುದ್ದೆಯ ಮನೆಯ ಗುಣವೇ ಆಗ ಅದಕ್ಕೆ ಶತ್ರುವಾಯಿತು. ಬಿಸಿಲಿನಲ್ಲಿ ತಂಪಾಗಿಡುವ ಮಾಳಿಗೆಯ ಮಣ್ಣು ಮಳೆಯಲ್ಲಿ ನೆನೆದು ಇನ್ನಷ್ಟು ಭಾರವಾಗುತ್ತದೆ. ಅದೇ ಹೊತ್ತಿಗೆ ಹೊಳೆಯ ನೀರು ಗೋಡೆಯ ಬುಡದ ಕೆಸರನ್ನು ಕರಗಿಸುತ್ತದೆ. ನೀರಿನ ನಡುವೆ ಬಿದ್ದ ಮನೆಗಳು ಕೆಲವು. ನೀರಿಳಿದು, ಬಿಸಿಲು ಬಿದ್ದು, ಇನ್ನು ಗಂಡಾಂತರ ಕಳೆಯಿತೆಂದು ಜನರು ಒಳಗೆ ಕಾಲಿಟ್ಟ ಮೇಲೆ ಕುಸಿದವು ಮತ್ತೆ ಕೆಲವು.

ಆ ದುರಂತದ ಅನಂತರ ರಾಜ್ಯ ಸರಕಾರವು ದಾನಿಗಳ ನೆರವಿನೊಡನೆ ಕೈಗೊಂಡ ಮನೆ ಕಟ್ಟುವ ಯೋಜನೆಗೆ ‘ಆಸರೆ’ ಎಂದು ಹೆಸರಿಟ್ಟಿತು. ಹೊಳೆಯ ದಂಡೆಯಿಂದ ದೂರದ ಎತ್ತರದ ನೆಲದಲ್ಲಿ ಸಾಲು ಸಾಲಾಗಿ ಮನೆಗಳೆದ್ದವು. ಸಿಮೆಂಟಿನ ಗೋಡೆ, ಕಾಂಕ್ರೀಟಿನ ತಾರಸಿ, ಕಬ್ಬಿಣದ ಕಿಟಕಿ. ಇವು ನೀರಿಗೆ ಕರಗುವ ಮನೆಗಳಲ್ಲ. ಕಟ್ಟಿಸಿದವರ ಸದುದ್ದೇಶವನ್ನು ಸಂಶಯಿಸಬೇಕಾಗಿಲ್ಲ. ಆದರೂ ಅನೇಕ ಕಡೆಗಳಲ್ಲಿ ಈ ಮನೆಗಳು ಬೀಗ ಹಾಕಿದಂತೆಯೇ ಉಳಿದವು. ಜನರು ಬಿದ್ದ ಮನೆಯನ್ನೇ ಎತ್ತಿ ನಿಲ್ಲಿಸಿಕೊಂಡು ಹೊಳೆಯ ದಂಡೆಗೆ ಮರಳಿದರು. ಪಟ್ಟಣದವರಿಗೆ ಇದು ಹಟಮಾರಿತನವಾಗಿ ಕಂಡಿತು. ಹಟವಿರಲಿಲ್ಲವೆಂದಲ್ಲ, ಆದರೆ ಹಟಕ್ಕೆ ಕಾರಣಗಳಿದ್ದವು.

ರಾಮದುರ್ಗ ತಾಲ್ಲೂಕಿನ ಹೊಳೆಯ ದಂಡೆಯ ಯಾವುದಾದರೊಂದು ಊರಿನ ಒಕ್ಕಲು ಮನೆತನವನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು, ಎರಡು ಎತ್ತು, ಒಂದು ಎಮ್ಮೆ. ಹೊಸ ಮನೆಯ ಕೀಲಿಕೈ ಸಿಕ್ಕಿದ ದಿನ ಅವರು ಬಾಗಿಲಿಗೆ ತೋರಣ ಕಟ್ಟುತ್ತಾರೆ, ಒಲೆ ಹೂಡಿ ಹಾಲು ಉಕ್ಕಿಸುತ್ತಾರೆ. ಅಜ್ಜಿಯು ಒಳಗೆಲ್ಲ ಸುತ್ತಾಡಿ, ಗೋಡೆಯನ್ನು ಮುಟ್ಟಿ ನೋಡಿ, ಹೊರಗೆ ಬಂದು ನಿಲ್ಲುತ್ತಾಳೆ.

“ಮನಿ ಚಂದ ಐತಿ ಖರೇ, ಯಪ್ಪಾ. ಎತ್ತು ಎಲ್ಲಿ ಕಟ್ಟೂದು?”

“ಹೊರಗ ತಗಡು ಹಾಕೂನು ತಗೋ, ಯವ್ವಾ.”

“ರಾತ್ರಿ ಎದ್ದು ನೋಡೂದು ಹ್ಯಾಂಗ?”

ಮಗನಲ್ಲಿ ಉತ್ತರವಿಲ್ಲ. ಮನೆಯ ನಕ್ಷೆಯನ್ನು ಬರೆದವರಲ್ಲಿಯೂ ಇರಲಿಲ್ಲ. ಅವರು ಮನುಷ್ಯರ ಮನೆಯನ್ನು ಕಟ್ಟಿದ್ದರು, ಒಕ್ಕಲುತನದ ಮನೆಯನ್ನಲ್ಲ. ಗೋದಲಿಗೆ ಜಾಗವಿಲ್ಲ, ಮೇವಿನ ಬಣವೆಗೆ ಜಾಗವಿಲ್ಲ, ತಿಪ್ಪೆಗೆ ಜಾಗವಿಲ್ಲ. ನೇಗಿಲು, ಕುಂಟೆ, ಕೂರಿಗೆಗಳನ್ನು ಒರಗಿಸಿಡಲು ಒಂದು ಗೋಡೆಯ ಮರೆಯೂ ಇಲ್ಲ. ಹೊಲವಂತೂ ಹೊಳೆಯ ಬದಿಯಲ್ಲಿಯೇ ಉಳಿದಿದೆ. ಮೊದಲು ಹಿತ್ತಲು ದಾಟಿದರೆ ಹೊಲ. ಈಗ ಬುತ್ತಿ ಕಟ್ಟಿಕೊಂಡು ಹೋಗಬೇಕು. ಹೀಗಾಗಿ ಮೊದಲ ವರ್ಷ ಮಗನು ಎತ್ತುಗಳೊಡನೆ ಹಳೆಯ ಊರಿನ ಮುರುಕು ಮನೆಯಲ್ಲಿ ಮಲಗುತ್ತಾನೆ, ಉಳಿದವರು ಹೊಸ ಮನೆಯಲ್ಲಿರುತ್ತಾರೆ. ಒಂದು ಸಂಸಾರಕ್ಕೆ ಎರಡು ಒಲೆಗಳಾಗುತ್ತವೆ. ಇಂಥ ಇಬ್ಬಂದಿಯ ಬಾಳನ್ನು ಬಹಳ ದಿನ ನಡೆಸುವುದು ಯಾರಿಗೂ ಸಾಧ್ಯವಿಲ್ಲ. ಕೆಲವರು ಹಿಂದಕ್ಕೆ ಹೋದರು. ಉಳಿದವರು ಹೊಸ ಮನೆಯನ್ನೇ ತಿದ್ದಲು ತೊಡಗಿದರು.

ತಿದ್ದುವ ಕೆಲಸ ಒಲೆಯಿಂದ ಆರಂಭವಾಗುತ್ತದೆ. ಜೋಳದ ರೊಟ್ಟಿ ಬಡಿಯುವ ಹೆಂಗಸು ನೆಲದ ಮೇಲೆ ಕುಳಿತು ಕೆಲಸ ಮಾಡುತ್ತಾಳೆ. ಅವಳಿಗೆ ಬಲಗಡೆ ಹಿಟ್ಟು, ಎಡಗಡೆ ನೀರು, ಎದುರಿಗೆ ಹಂಚು, ಹಿಂದೆ ಕಟ್ಟಿಗೆಯ ರಾಶಿ ಬೇಕು. ನಿಂತು ಅಡುಗೆ ಮಾಡಲೆಂದು ಕಟ್ಟಿಸಿದ ಕಲ್ಲುಹಲಗೆಯ ಮೇಲೆ ಕೊಡಗಳು ಕುಳಿತವು. ಒಲೆ ಹಿತ್ತಲಿಗೆ ಹೋಯಿತು. ಹಿತ್ತಲಲ್ಲಿ ಮಳೆಗೆ ಮರೆ ಬೇಕೆಂದು ತಗಡಿನ ಇಳುಕಲು ಬಂದಿತು. ಇಳುಕಲಿನ ಕೊನೆಗೆ ಬಚ್ಚಲು ಬಂದಿತು. ಮುಂಭಾಗದಲ್ಲಿ ಕಲ್ಲುಕಂಬ ನೆಟ್ಟು ದನದ ಕೊಟ್ಟಿಗೆಯಾಯಿತು. ಅಜ್ಜಿಯ ಹಾಸಿಗೆ ಕೊಟ್ಟಿಗೆಯ ಮಗ್ಗುಲಿನ ಕಿಟಕಿಯ ಕೆಳಗೆ ಬಂದು ಸೇರಿತು. ಬೇಸಗೆಯಲ್ಲಿ ಕಾಂಕ್ರೀಟಿನ ತಾರಸಿ ರಾತ್ರಿಯವರೆಗೂ ಕಾವು ಹಿಡಿದಿಡುತ್ತದೆ. ಮೇಲ್ಮುದ್ದೆಯ ತಂಪಿಗೆ ಒಗ್ಗಿದವರು ಮೊದಲ ಬೇಸಗೆಯನ್ನು ಅಂಗಳದಲ್ಲಿಯೇ ಕಳೆದರು. ಎರಡನೆಯ ಬೇಸಗೆಗೆ ಅಂಗಳದಲ್ಲಿ ಒಂದು ಚಪ್ಪರವೆದ್ದಿತ್ತು.

ನೆಲದ ಗುಣವೂ ಹೊಸ ಪಾಠ ಕಲಿಸಿತು. ಹಳೆಯ ಊರುಗಳು ಸಾಮಾನ್ಯವಾಗಿ ತಲೆಮಾರುಗಳ ಮಣ್ಣು ಬಿದ್ದು ಗಟ್ಟಿಯಾದ ದಿಬ್ಬಗಳ ಮೇಲಿದ್ದವು. ಎರೆನೆಲವಾದರೋ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಪಾಯವು ಎರೆಯನ್ನು ದಾಟಿ ಗರಸಿನವರೆಗೆ ಇಳಿಯದಿದ್ದರೆ ಎಂಥ ಸಿಮೆಂಟಿನ ಗೋಡೆಯೂ ಮೂಲೆಯಿಂದ ಸೀಳುತ್ತದೆ. ಇದನ್ನು ಬಲ್ಲ ಹಿರಿಯರು ಹೊಸ ಮನೆಗೆ ಹೋಗುವ ಮೊದಲು ನಕ್ಷೆಯನ್ನು ಕೇಳಲಿಲ್ಲ, ಪಾಯ ಎಷ್ಟು ಆಳವೆಂದು ಕೇಳಿದರು. ಹಗೇವಿನ ಮಾತಂತೂ ಮುಗಿದೇ ಹೋಯಿತು. ಗಟ್ಟಿ ನೆಲದ ಮರಡಿಯಲ್ಲಿ ಅದನ್ನು ತೋಡುವುದು ಕಷ್ಟ; ವರ್ಷಗಟ್ಟಲೆ ಕಾಳು ಕೂಡಿಡುವ ರೂಢಿಯೂ ಅಷ್ಟರಲ್ಲಿ ಕಡಿಮೆಯಾಗಿತ್ತು. ಚೀಲಗಳು, ತಗಡಿನ ಡಬ್ಬಗಳು ಪಡಸಾಲೆಯ ಗೋಡೆಗುಂಟ ನಿಂತವು.

ರಾಮದುರ್ಗ, ಸುರೇಬಾನದ ಕಡೆಯ ನೇಕಾರರ ಕಷ್ಟ ಬೇರೆ ಬಗೆಯದು. ಕೈಮಗ್ಗದ ನೇಕಾರನ ಮನೆಯ ನಡುವೆ ಕುಣಿಯೊಂದಿರುತ್ತದೆ. ಅವನು ಅದರ ಅಂಚಿನಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ತುಳಿಗಳನ್ನು ಮೆಟ್ಟುತ್ತಾನೆ. ಪ್ರವಾಹದ ನೀರು ಮೊದಲು ತುಂಬುವುದು ಈ ಕುಣಿಯನ್ನೇ. ನೀರು ಮೊಳಕಾಲಿನಷ್ಟು ಬಂದರೆ ಒಕ್ಕಲಿಗನ ಮನೆ ಉಳಿಯಬಹುದು; ನೇಕಾರನ ಮಗ್ಗ, ಹಾಸು, ನೂಲು ಉಳಿಯುವುದಿಲ್ಲ. ಅವನಿಗೆ ಕೊಟ್ಟ ಹೊಸ ಮನೆಯಲ್ಲಿ ನೆಲವೆಲ್ಲ ನುಣುಪಾದ ಸಿಮೆಂಟು. ನೇಯಬೇಕಾದರೆ ಮೊದಲು ಆ ಹೊಸ ನೆಲವನ್ನು ಒಡೆದು ಕುಣಿ ತೋಡಬೇಕು. ದಾನವಾಗಿ ಬಂದ ಮನೆಯ ನೆಲಕ್ಕೆ ಹಾರೆ ಹಾಕುವುದು ಯಾರಿಗಾದರೂ ಸಂಕೋಚದ ಕೆಲಸ. ಆದರೆ ಮಗ್ಗದ ಸದ್ದಿಲ್ಲದ ಮನೆ ನೇಕಾರನಿಗೆ ಧರ್ಮಶಾಲೆಯಿದ್ದಂತೆ.

2019ರ ಆಗಸ್ಟಿನಲ್ಲಿ ಸಹ್ಯಾದ್ರಿಯ ಮಳೆಯಿಂದ ನದಿಯು ಮತ್ತೆ ಉಕ್ಕಿತು. ಮುನವಳ್ಳಿ, ರಾಮದುರ್ಗಗಳ ತಗ್ಗಿನ ಓಣಿಗಳಿಗೂ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. 2009ರ ಅನಂತರ ಹಿಂದಿರುಗಿ ಹೊಳೆಯ ಬದಿಯಲ್ಲಿ ಬಾಳುತ್ತಿದ್ದವರು ಎರಡನೆಯ ಬಾರಿ ಮನೆ ಕಳೆದುಕೊಂಡರು. ಈ ಸಲ ಸರಕಾರವು ಪೂರ್ಣವಾಗಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳ ನೆರವನ್ನು ಪ್ರಕಟಿಸಿತು. ಕಂತುಗಳಲ್ಲಿ ಬಂದ ಹಣದಿಂದ ಮನೆಯನ್ನು ಮಾಲೀಕನೇ ಕಟ್ಟಿಕೊಳ್ಳಬೇಕು. ಇದರಲ್ಲಿ ತೊಡಕುಗಳು ಇಲ್ಲದಿರಲಿಲ್ಲ. ದಾಖಲೆಯಲ್ಲಿ ಹೆಸರಿಲ್ಲದವರು, ಬಾಡಿಗೆಯ ಮನೆಯಲ್ಲಿದ್ದವರು ಕಚೇರಿಯಿಂದ ಕಚೇರಿಗೆ ಅಲೆದರು. ಆದರೆ ತಾನೇ ಕಟ್ಟಿಸುವವನು ಗೋದಲಿಯನ್ನು ಮರೆಯುವುದಿಲ್ಲ, ನೇಕಾರನು ಕುಣಿಯನ್ನು ಮರೆಯುವುದಿಲ್ಲ. ಮನೆಯನ್ನು ಕೊಡುವುದಕ್ಕೂ ಮನೆ ಕಟ್ಟಿಕೊಳ್ಳಲು ಕೊಡುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ.

ಈ ಅಂತರ ಮಲಪ್ರಭೆಯ ದಂಡೆಗೆ ಮಾತ್ರ ಸೀಮಿತವಲ್ಲ. ಈಜಿಪ್ತಿನಲ್ಲಿ ನೈಲ್ ನದಿಗೆ ಅಸ್ವಾನಿನ ದೊಡ್ಡ ಅಣೆಕಟ್ಟು ಕಟ್ಟುವಾಗ, 1963-64ರಲ್ಲಿ, ಸುಮಾರು 50,000 ನೂಬಿಯನ್ನರನ್ನು ಕೋಮ್ ಒಂಬೋ ಎಂಬ ಪ್ರದೇಶಕ್ಕೆ ಸಾಗಿಸಲಾಯಿತು. ಅವರ ಹಳೆಯ ಮನೆಗಳು ವಿಶಾಲವಾದ ಅಂಗಳವುಳ್ಳ ಮಣ್ಣಿನ ಮನೆಗಳು. ಗೋಡೆಗಳ ಮೇಲೆ ಚಿತ್ತಾರ, ಬಾಗಿಲ ಮುಂದೆ ಕೂಡುವ ಕಟ್ಟೆ. ಅವರಿಗೆ ದೊರೆತುದು ಒಂದಕ್ಕೊಂದು ಅಂಟಿಕೊಂಡ ಸರಕಾರಿ ಮನೆಗಳ ಸಾಲು. ಕುಟುಂಬದ ಜನಸಂಖ್ಯೆಗೆ ತಕ್ಕಂತೆ ಒಂದು ಕೋಣೆ, ಎರಡು ಕೋಣೆ, ಮೂರು ಕೋಣೆಗಳ ಮನೆಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಕಟ್ಟಿದ್ದರಿಂದ, ಮುದಿ ತಂದೆತಾಯಿಗಳ ಪಾಲಿಗೆ ಬಂದ ಸಣ್ಣ ಮನೆ ಒಂದು ಕಡೆ, ಮಗನ ದೊಡ್ಡ ಮನೆ ಇನ್ನೊಂದು ಕಡೆ ಆಯಿತು. ಲೆಕ್ಕ ಸರಿಯಾಗಿತ್ತು, ಸಂಸಾರ ಒಡೆದಿತ್ತು. ನೂಬಿಯನ್ನರು ಮಾಡಿದ್ದೇನು? ಬಾಗಿಲ ಮುಂದೆ ಮತ್ತೆ ಕಟ್ಟೆ ಕಟ್ಟಿದರು, ಸರಕಾರಿ ಗೋಡೆಗೆ ಮಣ್ಣು ಮೆತ್ತಿದರು, ಬಾಗಿಲ ಸುತ್ತ ಮತ್ತೆ ಚಿತ್ತಾರ ಬರೆದರು. ರಾಮದುರ್ಗದ ಅಜ್ಜಿ ಅಲ್ಲಿದ್ದಿದ್ದರೆ ಅವಳಿಗೆ ಅವರ ಭಾಷೆ ತಿಳಿಯುತ್ತಿರಲಿಲ್ಲ. ಅವರು ಮಾಡುತ್ತಿದ್ದ ಕೆಲಸ ತಿಳಿಯುತ್ತಿತ್ತು.

ಕಟ್ಟೆಯ ಮಹತ್ವವನ್ನು ನಮ್ಮ ದೇಶದ ಕಾನೂನು ಬಹಳ ತಡವಾಗಿ ಗುರುತಿಸಿತು. 1894ರ ಕಾಯಿದೆಯ ಸ್ಥಾನದಲ್ಲಿ ಬಂದು 2014ರ ಜನವರಿ 1ರಿಂದ ಜಾರಿಯಾದ 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯಿದೆಯ ಅನುಸೂಚಿಯೊಂದರಲ್ಲಿ, ಹೊಸ ಊರಿಗೆ ಏನೇನು ಇರಬೇಕೆಂಬ ಪಟ್ಟಿಯಿದೆ. ರಸ್ತೆ, ಶಾಲೆ, ಕುಡಿಯುವ ನೀರುಗಳೊಡನೆ ದನಗಳಿಗೆ ನೀರು, ಗೋಮಾಳ, ಸ್ಮಶಾನ, ಮತ್ತು 50 ಕುಟುಂಬಗಳಿಗೆ ಒಂದರಂತೆ ಜನ ಸೇರಲು ಮರದ ಕಟ್ಟೆ, ಇವೆಲ್ಲ ಅದರಲ್ಲಿ ಸೇರಿವೆ. ಸಂಸತ್ತಿನಲ್ಲಿ ಅಂಗೀಕಾರವಾದ ಕಾನೂನಿನಲ್ಲಿ ಮರದ ಕಟ್ಟೆಗೆ ಒಂದು ಸಾಲು ದೊರೆತುದು ಸಣ್ಣ ಸಂಗತಿಯೇನಲ್ಲ. ರೇಣುಕಾಸಾಗರದ ಹಿನ್ನೀರಿನವರಿಗೆ ಅದು 40 ವರ್ಷ ತಡವಾಗಿ ಬಂದಿತು.

ಹೊಸ ಊರಿನಲ್ಲಿ ಮೊದಲು ಕಾಣೆಯಾಗುವುದು ನೆರೆಹೊರೆ. ಹಂಚಿಕೆಯ ಚೀಟಿಯಲ್ಲಿ ಬಂದ ಸಂಖ್ಯೆಯಂತೆ ಮನೆ ಸಿಕ್ಕಿದಾಗ, ಮೂರು ತಲೆಮಾರುಗಳಿಂದ ಗೋಡೆ ಹಂಚಿಕೊಂಡವರು ಊರಿನ ಎರಡು ತುದಿಗಳಿಗೆ ಹೋಗುತ್ತಾರೆ. ಮಜ್ಜಿಗೆ ಕೇಳಿ ತರುವುದಕ್ಕೆ, ಕೂಸನ್ನು ಒಂದು ಗಳಿಗೆ ನೋಡಿಕೊಳ್ಳಲು ಬಿಟ್ಟುಹೋಗುವುದಕ್ಕೆ ಪರಿಚಿತ ಬಾಗಿಲು ಬೇಕು. ಕೆಲವರು ಮನೆಗಳನ್ನು ತಮ್ಮೊಳಗೇ ಅದಲುಬದಲು ಮಾಡಿಕೊಂಡು ಓಣಿಯನ್ನು ಮತ್ತೆ ಕೂಡಿಸಿಕೊಂಡರು. ಕಾಗದದಲ್ಲಿ ಹೆಸರು ಒಬ್ಬರದು, ವಾಸ ಮತ್ತೊಬ್ಬರದು. ಮುಂದೆ ಇದರಿಂದ ತಕರಾರುಗಳು ಹುಟ್ಟಬಹುದೆಂಬುದು ಅವರಿಗೆ ತಿಳಿಯದೆ ಇರಲಿಲ್ಲ.

ದೇವರುಗಳ ವಿಷಯದಲ್ಲಿ ಊರಿನವರು ಹೆಚ್ಚು ಜಾಣ್ಮೆ ತೋರಿದರು. ಹೊಸ ಊರಿನಲ್ಲಿ ಹನುಮಪ್ಪನಿಗೂ ದ್ಯಾಮವ್ವನಿಗೂ ಗುಡಿ ಕಟ್ಟುವುದು ತಡವಾಗಲಿಲ್ಲ. ಆದರೆ ಹಳೆಯ ಊರು ಉಳಿದಿರುವೆಡೆ ಅಲ್ಲಿಯ ಗುಡಿಯನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆಯಾದರೂ ಹೋಗಿ ಎಣ್ಣೆ ಹಾಕಿ ದೀಪ ಹಚ್ಚಿ ಬರುವರು. ಜಲಾಶಯದಲ್ಲಿ ಊರನ್ನು ಕಳೆದುಕೊಂಡವರಿಗೆ ಆ ಸಮಾಧಾನವೂ ಇಲ್ಲ. ಬೇಸಗೆಯಲ್ಲಿ ನೀರು ತಗ್ಗಿ, ಹಿನ್ನೀರಿನ ಅಂಚಿನಲ್ಲಿ ಕಪ್ಪು ನೆಲ ಹೊರಬಿದ್ದಾಗ, ಇಲ್ಲಿ ನಮ್ಮ ಹೊಲವಿತ್ತು, ಅಲ್ಲಿ ಅಗಸಿಯಿತ್ತು ಎಂದು ಬೆರಳಿಟ್ಟು ತೋರಿಸಬಲ್ಲವರು ಈಗ ವಯಸ್ಸಾದವರು.

ಮರಡಿಯ ಮೇಲಿನ ಆ ಮನೆಗೆ ಈಗ ಹತ್ತು-ಹದಿನೈದು ವರ್ಷ. ಅಂಗಳದಲ್ಲಿ ನೆಟ್ಟ ಬೇವು ಮಾಳಿಗೆಯ ಎತ್ತರವನ್ನು ದಾಟಿದೆ. ಅದರ ಬುಡಕ್ಕೆ ಹಳೆಯ ಊರಿನಿಂದ ತಂದ ಕಲ್ಲುಗಳಿಂದ ಕಟ್ಟೆ ಕಟ್ಟಲಾಗಿದೆ. ಕೊಟ್ಟಿಗೆಯಲ್ಲಿ ಎತ್ತುಗಳ ಬದಲು ಎಮ್ಮೆಗಳಿವೆ. ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ಸಿಮೆಂಟಿನ ಗೋಡೆಯಲ್ಲಿ ಮಾಡವನ್ನು ಕೊರೆಯಲಾಗದೆ, ಬಾಗಿಲ ಪಕ್ಕದಲ್ಲಿ ಎರಡು ಇಟ್ಟಿಗೆಗಳನ್ನು ಹೊರಚಾಚಿ ಕೂಡಿಸಿ ದೀಪಕ್ಕೆ ಸ್ಥಳ ಮಾಡಿದ್ದಾರೆ. ಬಸ್ಸಿನಲ್ಲಿ ಯಾರಾದರೂ ಯಾವ ಊರೆಂದು ಕೇಳಿದರೆ ಮೊಮ್ಮಕ್ಕಳು ಊರಿನ ಹೆಸರನ್ನಷ್ಟೇ ಹೇಳುತ್ತಾರೆ. ಅಜ್ಜಿ ಮಾತ್ರ ಆ ಹೆಸರಿನ ಹಿಂದೆ ‘ಹೊಸ’ ಎಂಬ ಮಾತನ್ನು ಸೇರಿಸುತ್ತಾಳೆ.